ಮಾಳಿಗಿ ಮ್ಯಾಲಿನ ರೈಲು

“ರೈಲು ಮಾಳಿಗಿ ಮ್ಯಾಲ ಓಡ್ತದಂತ! ಹಂಗಾರ ನಮ್ಮ ಎಮ್ಮಿ ಬೇವಿನ ಗಿಡ ಹತ್ತಿ ಮೇಯ್ತದ ನೋಡ್ರೆವ್ವಾ!”

ಶಹಾಪುರದ ಆ ಓಣಿಯ ಹಿಟ್ಟಿನ ಗಿರಣಿಯ ಒಡತಿ ಮಲ್ಲಾಬಾಯಿ ಹೀಗೆಂದದ್ದೇ ತಡ, ಜೋಳದ ಡಬ್ಬಿ ಹಿಡಿದು ಸಾಲಾಗಿ ಕೂತಿದ್ದ ಹೆಂಗಸರೆಲ್ಲ ಗಿರಣಿಯ ಸದ್ದನ್ನೂ ಮೀರಿ ನಕ್ಕರು. ನಗದೆ ಕೂತಿದ್ದವಳು ಸೂಗಮ್ಮ ಒಬ್ಬಳೇ. ಮದ್ರಾಸಿನಲ್ಲಿ ಮನೆಗಳ ಮಾಳಿಗೆಯ ಎತ್ತರಕ್ಕೆ ಕಂಬ ನಿಲ್ಲಿಸಿ, ಅದರ ಮೇಲೆ ರೈಲು ಓಡಿಸುತ್ತಾರೆ, ಅದರಲ್ಲಿ ತಾನೂ ಕೂತಿದ್ದೆ ಎಂದು ಹೇಳಿದ್ದೇ ಅವಳ ತಪ್ಪು. ಆವತ್ತಿನಿಂದ ಓಣಿಯಲ್ಲಿ ಅವಳ ಹೆಸರು ‘ಮಾಳಿಗಿ ರೈಲಿನ ಸೂಗಮ್ಮ’ ಎಂದಾಯಿತು.

ಮನೆಗೆ ಬಂದವಳೇ ಡಬ್ಬಿಯನ್ನು ಗಂಡನ ಮುಂದೆ ಕುಕ್ಕಿದಳು.

“ನಾಳಿಂದ ಗಿರಣಿಗಿ ನೀವೇ ಹೋಗ್ರಿ. ಸುಳ್ಳು ಹೇಳಾಕಿ ಅಂತ ಅನ್ನಿಸಿಕೊಂಡು ನನಗ ರೊಟ್ಟಿ ಬಡಿಯಾಕ ಆಗಂಗಿಲ್ಲ.”

ಗಂಡ ಲಿಂಗಣ್ಣ ಕಾಲುವೆ ಆಫೀಸಿನಲ್ಲಿ ಟ್ರೇಸರ್. ಎಂಜಿನಿಯರುಗಳು ಬರೆದ ನಕ್ಷೆಗಳನ್ನು ತೆಳುಹಾಳೆಯ ಮೇಲೆ ಗೆರೆ ತಪ್ಪದಂತೆ ಇಳಿಸುವುದು ಅವನ ಕೆಲಸ. ಮಾತಿನಲ್ಲಿ ಅವನು ಹೊಸದಾಗಿ ಬಂದ ಅಳಿಯನಂತೆ, ಕೇಳಿದ್ದಕ್ಕಷ್ಟೇ ಉತ್ತರ. ಆದರೆ ಹೆಂಡತಿಯ ಕಣ್ಣಲ್ಲಿ ನೀರು ಕಂಡಾಗ ಅವನಿಗೆ ಮದ್ರಾಸು ನೆನಪಾಯಿತು.

ಮದುವೆಯಾದ ಹೊಸತು. ಆಫೀಸಿನವರು ತರಬೇತಿಗೆಂದು ಮದ್ರಾಸಿಗೆ ಕಳಿಸಿದಾಗ ಸೂಗಮ್ಮನನ್ನೂ ಕರೆದುಕೊಂಡು ಯಾದಗಿರಿಯಲ್ಲಿ ರೈಲು ಹತ್ತಿದ್ದ. ಅಲ್ಲಿ ಕಂಬದ ಮೇಲಿನ ರೈಲು ಆಗಷ್ಟೇ ಸುರುವಾಗಿತ್ತು. ಸೂಗಮ್ಮ ಕಿಟಕಿಯ ಸರಳು ಹಿಡಿದು ಕೂತಿದ್ದಳು. ಕೆಳಗೆ ಬಸ್ಸು, ಪಕ್ಕದಲ್ಲಿ ಯಾರದೋ ಮಾಳಿಗೆ, ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳ. “ಏನ್ರೀ, ಕಾಗಿ ಹಪ್ಪಳಕ್ಕ ಬಾಯಿ ಹಾಕಾಕತ್ತಾವ, ಅವರಿಗಿ ಹೇಳ್ರಿ!” ಎಂದು ಅವಳು ಕೂಗಿದ್ದಳು. ಹೇಳುವಷ್ಟರಲ್ಲಿ ರೈಲು ಮುಂದಿನ ಮಾಳಿಗೆಗೆ ಬಂದಿತ್ತು. ಕೊನೆಯ ನಿಲ್ದಾಣಕ್ಕೆ ಹೋಗಿ, ಅದೇ ರೈಲಿನಲ್ಲಿ ತಿರುಗಿ ಬಂದು, ಮತ್ತೆ ಹೋಗಿ, ಹೀಗೇ ಒಂದಿಡೀ ಭಾನುವಾರ ಮೇಲೆಯೇ ಕಳೆದುಹೋಗಿತ್ತು. ಆಮೇಲೆ ಕಾಲುವೆ ಬಂತು, ನಕ್ಷೆಗಳು ಬಂದವು, ಮದ್ರಾಸು ದೂರವಾಯಿತು. ಫೋಟೋ ತೆಗೆಸಿಕೊಳ್ಳಬೇಕು ಎಂಬ ಬುದ್ಧಿ ಇಬ್ಬರಿಗೂ ಬಂದಿರಲಿಲ್ಲ.

“ಅಳಬ್ಯಾಡ. ಆ ರೈಲು ಇಲ್ಲೇ ಮಾಡಿ ತೋರಿಸ್ತೀನಿ,” ಎಂದ ಲಿಂಗಣ್ಣ.

ಆಮೇಲೆ ಕೆಲವು ವಾರ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಣಗಿದ ಜೋಳದ ದಂಟುಗಳು ಕಂಬಗಳಾದವು. ಪ್ಲಾಸ್ಟಿಕ್ ಪೈಪನ್ನು ಉದ್ದಕ್ಕೆ ಸೀಳಿ ಕಂಬಗಳ ಮೇಲಿಟ್ಟಾಗ, ಎರಡೂ ಬದಿಗೆ ಗೋಡೆಯಿರುವ ಮದ್ರಾಸಿನ ಆ ದಾರಿಯೇ ಮೂಡಿ ಬಂತು. ಕಡ್ಡಿಪೆಟ್ಟಿಗೆಗಳಿಗೆ ಹಳದಿ ಬಣ್ಣ ಬಳಿದು ರೈಲಿನ ಡಬ್ಬಿ ಮಾಡಿದ, ಹಾದಿಯ ಪಕ್ಕ ರಟ್ಟಿನ ಮಾಳಿಗೆ ಮನೆಗಳನ್ನು ನಿಲ್ಲಿಸಿದ. ರೇಡಿಯೋ ರಿಪೇರಿಯ ಮಕ್ತುಮಸಾಬ ಸತ್ತ ಟೇಪ್‌ರೆಕಾರ್ಡರಿನಿಂದ ಮೋಟರು ಕಿತ್ತುಕೊಟ್ಟ. ಮೋಟರು ದಾರ ಸುತ್ತಿದರೆ ರೈಲು ಮುಂದೆ ಬರಬೇಕು. ಕೆಳಗೆ ಹಾಕಿದ ಹಲಗೆ ಒರಟಾಗಿತ್ತು. ಅದಕ್ಕೆ ಆಫೀಸಿನವರು ರದ್ದಿಗೆ ಹಾಕಿದ್ದ ಹಳೆಯ ನಕ್ಷೆಗಳನ್ನು ಅಂಟಿಸಿದ. ಮೇಲೆ ಬಣ್ಣ ಬಳಿಯಬೇಕೆಂದಿದ್ದ, ಬಣ್ಣವೆಲ್ಲ ರೈಲಿಗೇ ಮುಗಿದಿತ್ತು.

“ಇಷ್ಟು ಸಾಕ್ರಿ. ಐತವಾರ ಸಂಜಿಕಡಿ ಎಲ್ಲರನ್ನೂ ಕರೀತೀನಿ. ಮಲ್ಲಾಬಾಯಿ ತನ್ನ ಬಾಯಿಲೆ ‘ಖರೇ ಅದವ್ವಾ’ ಅಂದ್ರ ಮುಗೀತು, ನನಗ ಮತ್ತೇನೂ ಬ್ಯಾಡ,” ಎಂದಳು ಸೂಗಮ್ಮ.

ಭಾನುವಾರ ಬೆಳಿಗ್ಗೆ ಹಲಗೆಯನ್ನು ಹೊರಗಿನ ಕಟ್ಟೆಯ ಮೇಲೆ ತಂದಿಟ್ಟರು. ಜೋಳ ಬೀಸಿಸಲು ಗಿರಣಿಗೆ ಹೊರಟಿದ್ದ ಶಿರವಾಳದ ತಾಯಪ್ಪ ಚೀಲ ಹೊತ್ತುಕೊಂಡೇ ನಿಂತ. ಬಗ್ಗಿದ. ಮೂಗು ನಕ್ಷೆಗೆ ತಾಗುವಷ್ಟು ಬಗ್ಗಿದ. ಆಮೇಲೆ ಚೀಲ ಕೆಳಗೆ ಬಿತ್ತು.

“ಸರ, ಇದು ನನ್ನ ಹೊಲದ ಸರ್ವೆ ನಂಬರ್ ಅಲ್ಲೇನ್ರಿ?”

“ಹೌದು. ಅದು ಹಳೀ ನಕ್ಷಾ...”

“ನನ್ನ ಹೊಲದಾಗ ಮೂರು ಕಂಬ ನಿಲ್ಲಿಸೀರಿ!”

“ಏ ತಾಯಪ್ಪ, ಇದು ರೈಲಪಾ.”

ತಾಯಪ್ಪ ಕರುಣೆಯಿಂದ ನೋಡಿದ. “ಸರ, ಶಹಾಪುರಕ್ಕ ನೆಲದ ಮ್ಯಾಲೇ ರೈಲು ಬಂದಿಲ್ಲ, ಮುಗಲಾಗ ಬರ್ತದ? ಆಫೀಸಿನ ಗುಟ್ಟು ಅದ, ನಿಮ್ಮ ಬಾಯಿ ಕಟ್ಟ್ಯಾರ, ನಮಗ ತಿಳೀತದ. ಇದು ಮ್ಯಾಲಿನ ಹೊಲಗಳಿಗಿ ಬರೋ ಕಾಲುವಿ.”

ಅವನ ತಪ್ಪಾದರೂ ಏನು? ಕಾಲುವೆ ಬಂದು ಕೆಳಗಿನ ಹೊಲಗಳಲ್ಲಿ ಭತ್ತ ತೂಗುತ್ತಿತ್ತು. ಮೇಲಿನ ಹೊಲದವರು ತೊಗರಿಯ ನಡುವೆ ನಿಂತು ಆ ಹಸಿರನ್ನು ಬರೀ ನೋಡುತ್ತಿದ್ದರು. ತಗ್ಗಿನ ಮೇಲೆ ಕಂಬ ನಿಲ್ಲಿಸಿ, ಅದರ ಮೇಲೆ ನೀರು ಹಾಯಿಸುವ ಮೇಲ್ಗಾಲುವೆ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದಿದ್ದರು. ಕಂಬ, ಕಂಬದ ಮೇಲೆ ಸೀಳಿದ ಪೈಪು, ಕೆಳಗೆ ತಮ್ಮದೇ ಸರ್ವೆ ನಂಬರು. ಮಾಡಿದವನು ಕಾಲುವೆ ಆಫೀಸಿನವನು. ಇನ್ನೇನು ಬೇಕು?

ಸುದ್ದಿ ಹಬ್ಬಿ, ಊಟದ ಹೊತ್ತಿಗೆ ಶಿರವಾಳದಿಂದ ಜೀಪೊಂದು ತುಂಬಿ, ಮೇಲೂ ಜನ ಕೂತು ಬಂತು. ಮೊದಲು ಇಳಿದವನು ತಾಯಪ್ಪನ ಪಕ್ಕದ ಹೊಲದ ಅಯ್ಯಣ್ಣ. ಕೈಯಲ್ಲಿ ಶೇಂಗಾದ ಗಂಟು.

“ಸರ, ತಾಯಪ್ಪನ ಹೊಲಕ್ಕ ಮೂರು ಕಂಬ, ನನ್ನ ಹೊಲಕ್ಕ ಒಂದೂ ಇಲ್ಲಂದ್ರ ಇದೆಂಥಾ ಇನ್ಸಾಫ್?”

“ನನಗ ಕಂಬ ಬ್ಯಾಡ ಮಾರಾಯ, ಹೊಲ ಹಾಳಾಗ್ತದ. ನೀನೇ ಹೊತ್ತುಕೊಂಡು ಹೋಗು!” ಎಂದು ತಾಯಪ್ಪ ನಿಜವಾಗಿಯೂ ಒಂದು ಕಂಬಕ್ಕೆ ಕೈ ಹಾಕಿದ. ಲಿಂಗಣ್ಣ ಕೋಳಿ ಮರಿಗಳ ಮೇಲೆ ಹೇಂಟೆ ಕವಿದಂತೆ ರೈಲಿನ ಮೇಲೆ ಕವಿದ.

“ರೈಲು, ರೈಲು, ರೈಲು! ಎಷ್ಟು ಸಲ ಹೇಳಲಿ?”

“ಹೌದ್ರಿ, ರೈಲೇ ಅನ್ನಮು,” ಎಂದ ಅಯ್ಯಣ್ಣ ಕಣ್ಣು ಮಿಟುಕಿಸಿ. “ಆ ರೈಲು ನನ್ನ ಹೊಲದಾಗ ಎಷ್ಟು ಎಕರೆಗಿ ನೀರು ಉಣಿಸ್ತದ, ಅಷ್ಟೇ ಹೇಳಿಬಿಡ್ರಿ.”

ಅಷ್ಟರಲ್ಲಿ ಮಲ್ಲಾಬಾಯಿಯೇ ಬಂದಳು. ಮುಖದ ತುಂಬ ಹಿಟ್ಟು, ಬಾಯಿಯ ತುಂಬ ಬೆಲ್ಲ.

“ಸೂಗಮ್ಮಕ್ಕ, ನನ್ನ ತವರುಮನಿ ಹೊಲ ಎಲ್ಲಿ ಬರ್ತದ, ಒಂಚೂರು ಅಣ್ಣಗ ಕೇಳವ್ವಾ.”

ಸೂಗಮ್ಮ ಸೊಂಟಕ್ಕೆ ಸೆರಗು ಸಿಗಿಸಿದಳು. “ಮೊದಲು ಇದು ರೈಲು, ಸೂಗಮ್ಮ ಹೇಳಿದ್ದು ಖರೇ ಅಂತ ಎಲ್ಲರ ಮುಂದ ಅನ್ನು. ಆಮ್ಯಾಲ ಕೇಳ್ತೀನಿ.”

ಮಲ್ಲಾಬಾಯಿ ಒಂದು ಗಳಿಗೆ ಲೆಕ್ಕ ಹಾಕಿದಳು. “ಅನ್ನಬಹುದಿತ್ತವ್ವಾ. ಆದರ ಇದು ರೈಲಾದ್ರ ನನ್ನ ತವರಿಗಿ ನೀರು ಹ್ಯಾಂಗ ಬರ್ತದ?”

ಇನ್ನು ತಡೆಯುವುದರಲ್ಲಿ ಅರ್ಥವಿಲ್ಲವೆಂದು ಲಿಂಗಣ್ಣ ಮೋಟರಿಗೆ ಸೆಲ್ಲು ಹಾಕಿದ. ದಾರ ಬಿಗಿಯಿತು. ಹಳದಿ ಡಬ್ಬಿಗಳು ಒಮ್ಮೆ ನಡುಗಿ, ಗರ್ಭಿಣಿ ಹೆಜ್ಜೆಯಿಟ್ಟಂತೆ ಮೆಲ್ಲಗೆ ಮುಂದೆ ಸರಿದವು. ಗದ್ದಲ ನಿಂತಿತು. ರಟ್ಟಿನ ಮನೆಗಳ ಮಾಳಿಗೆ ದಾಟಿ ರೈಲು ಹೊರಟಿತು. ಸೂಗಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಅವಳ ಮುಖ ಮದ್ರಾಸಿನ ಆ ಕಿಟಕಿಯ ಪಕ್ಕದ ಮುಖವೇ ಆಗಿತ್ತು. ಲಿಂಗಣ್ಣ ರೈಲನ್ನು ಬಿಟ್ಟು ಅವಳನ್ನೇ ನೋಡುತ್ತ ನಿಂತ.

“ಈಗ ತಿಳೀತು,” ಎಂದ ಅಯ್ಯಣ್ಣ ಗಂಭೀರವಾಗಿ. “ಅದು ಕಾಲುವ್ಯಾಗಿನ ಹೂಳು ತೆಗೆಯೋ ಮಿಶಿನ್ನು.”

“ಮಿಶಿನ್ನು ಆಮ್ಯಾಲ ನೋಡಮು, ಮೊದಲು ನೀರು ಹರೀತದೋ ಇಲ್ಲೋ ನೋಡಬೇಕಲ್ಲಪಾ!” ಎಂದ ತಾಯಪ್ಪ, ಲಿಂಗಣ್ಣ ತಿರುಗುವಷ್ಟರಲ್ಲಿ ಕುಡಿಯಲು ಕೊಟ್ಟಿದ್ದ ಚೆಂಬಿನ ನೀರನ್ನು ಪೈಪಿನ ಮೇಲ್ತುದಿಗೆ ಸುರಿದೇಬಿಟ್ಟ.

ನೀರು ನಿಲ್ಲಬೇಕಿತ್ತು, ಚೆಲ್ಲಬೇಕಿತ್ತು. ಆದರೆ ಲಿಂಗಣ್ಣನ ಕೈಗೆ ಕಾಲುವೆ ಬಿಟ್ಟು ಬೇರೆ ಗೊತ್ತಿರಲಿಲ್ಲ. ಇಷ್ಟು ವರ್ಷ ನೀರಿನ ಇಳಿಜಾರನ್ನೇ ಬರೆದ ಕೈ, ರೈಲಿನ ಹಾದಿಗೂ ತನಗೇ ಗೊತ್ತಿಲ್ಲದೆ ಹದವಾದ ಇಳಿಜಾರು ಕೊಟ್ಟಿತ್ತು. ನೀರು ಒಂದು ಹನಿ ಚೆಲ್ಲದೆ ಸರಾಗ ಹರಿಯಿತು. ರೈಲು ದೋಣಿಯಾಗಿ ತೇಲಿ, ದಾರ ಹರಿದುಕೊಂಡು, ಕೊನೆಯ ತುದಿಯಲ್ಲಿ ದುಮುಕಿತು. ಸರಿಯಾಗಿ ಅಯ್ಯಣ್ಣನ ಸರ್ವೆ ನಂಬರಿನ ಮೇಲೆ.

“ಬಂತು! ನನ್ನ ಹೊಲಕ್ಕ ನೀರು ಬಂತು!” ಅಯ್ಯಣ್ಣ ರುಮಾಲು ಹಾರಿಸಿದ. ಯಾರೋ ಸೀಟಿ ಹೊಡೆದರು. ಇನ್ಯಾರೋ ಕಟ್ಟೆಗೆ ಕಾಯಿ ಒಡೆದರು.

ಆ ಕಾಯಿಯ ಚೂರು ಹಂಚುತ್ತಿರುವಾಗಲೇ ಎಂಜಿನಿಯರ್ ಸಾಹೇಬರ ಜೀಪು ಬಂದು ನಿಂತಿತು. ಹಾಸನದ ಕಡೆಯ ಆ ಸಾಹೇಬರಿಗೆ ಸುದ್ದಿ ಮುಟ್ಟಿತ್ತು. ಲಿಂಗಣ್ಣ ಹಾರಿಬಂದು ಕೈಮುಗಿದ.

“ಏನ್ರೀ ಲಿಂಗಣ್ಣ, ಮನೇಲಿ ಕಾಲುವೆ ನಕ್ಷೆ ಇಟ್ಕೊಂಡು ಜನಕ್ಕೆ ಹೊಲ ಹಂಚ್ತಾ ಇದೀರಂತೆ?”

“ಇಲ್ರಿ ಸರ, ಇದು ರೈಲ್ರಿ ಸರ.”

ಸಾಹೇಬರು ಕನ್ನಡಕ ಏರಿಸಿ ಬಗ್ಗಿದರು. ಕಂಬ ನೋಡಿದರು. ಮಾಳಿಗೆಗಳನ್ನು ನೋಡಿದರು. ಒದ್ದೆಯಾಗಿ ಬಿದ್ದಿದ್ದ ಹಳದಿ ಡಬ್ಬಿಯೊಂದನ್ನು ಎತ್ತಿ ನೋಡಿದರು. ಅವರ ಮುಖ ಸಡಿಲವಾಯಿತು. ಲಿಂಗಣ್ಣನನ್ನು ತೋಳು ಹಿಡಿದು ಬದಿಗೆ ಕರೆದೊಯ್ದು ಕಿವಿಯಲ್ಲಿ ಹೇಳಿದರು:

“ಮದ್ರಾಸ್ ಬೀಚಿಂದ ಮೈಲಾಪುರ, ಅಲ್ವೇನ್ರೀ? ಓದುವಾಗ ದಿನಾ ಅದರಲ್ಲೇ ಓಡಾಡ್ತಿದ್ದೆ ಕಣ್ರೀ! ಎಷ್ಟು ವರ್ಷ ಆಯ್ತು...”

ಲಿಂಗಣ್ಣನ ಕಣ್ಣು ತುಂಬಿ ಬಂತು. “ಸರ, ಈ ಮಾತು ಒಂದು ಸಲ ಎಲ್ಲರಿಗಿ ಕೇಳಂಗ ಹೇಳಿಬಿಡ್ರಿ. ನನ್ನ ಮನಿಯಾಕಿ ಇಜ್ಜತ್ ಉಳೀತದ.”

“ಹೇಳೋಣ ಅಂದ್ರೆ, ನಾಳೆ ದೊಡ್ಡ ಸಾಹೇಬ್ರು ಬರ್ತಿದಾರೆ. ಮೇಲ್ಗಾಲುವೆಯ ಮಾದರಿ ಎಲ್ಲಿ ಅಂತ ಕೇಳ್ತಾರೆ. ನಾನು ಮಾಡಿಸೇ ಇಲ್ಲ. ಇದರಲ್ಲಿ ನೀರು ಹರಿದದ್ದನ್ನ ಇಷ್ಟು ಜನ ನೋಡಿದಾರೆ. ಇವತ್ತಿಂದ ಇದು ಕಾಲುವೆ. ರೈಲು ಅಂತ ಇನ್ನೊಂದ್ಸಲ ಬಾಯಿ ಬಿಟ್ರೋ, ನೀವು ನನ್ನ ಆಫೀಸಲ್ಲಿ ಇರಲ್ಲ.”

ಆಮೇಲೆ ಜನರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು: “ಇದು ಮೇಲ್ಗಾಲುವೆ ಮಾದರಿ. ನಮ್ಮ ಲಿಂಗಣ್ಣ ರಜೆ ದಿನವೂ ಕೂತು ಮಾಡಿದಾರೆ!”

ಜನ ಚಪ್ಪಾಳೆ ತಟ್ಟಿದರು. ಕಂಬ, ಮಾಳಿಗೆ ಸಮೇತ ಹಲಗೆ ಜೀಪು ಹತ್ತಿ ಹೋಯಿತು. ಮಲ್ಲಾಬಾಯಿ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಳ್ಳುತ್ತ, “ಸಾಹೇಬರ ಬಾಯಿಲೇ ಬಂತಲ್ಲವ್ವಾ. ಇನ್ನರ ಆ ರೈಲಿನ ಸುಳ್ಳು ಬಿಡು,” ಎಂದು ಬುದ್ಧಿ ಹೇಳಿ ಹೊರಟಳು.

ಕಟ್ಟೆ ಖಾಲಿಯಾದ ಮೇಲೆ ಸೂಗಮ್ಮ ಕೇಳಿದಳು: “ಸಾಹೇಬ್ರು ನಿಮ್ಮ ಕಿವ್ಯಾಗ ಏನಂದ್ರು?”

“ಅವರೂ ಆ ರೈಲಿನಾಗ ಕೂತಾರಂತ. ದಿನಾ.”

ಸೂಗಮ್ಮ ಕಟ್ಟೆಯ ಮೇಲೆ ಬಿದ್ದಿದ್ದ ಕಾಯಿಯ ಚಿಪ್ಪು ಎತ್ತಿದಳು. “ಹಂಗಾರ ಓಣ್ಯಾಗ ಹೇಳಾಕ ಏನದ?”

“ಹೇಳಿದ್ರ ನನ್ನ ನೌಕರಿ ಹೋಗ್ತದ.”

“ಹೇಳಲಿಲ್ಲಂದ್ರ ನನ್ನ ಮಾನ ಹೋಗ್ತದ.”

“ನೌಕರಿ ಇದ್ರ ಮತ್ತೊಮ್ಮಿ ಮದ್ರಾಸಿಗಿ ಹೋಗಿ ಬರಬಹುದು.”

“ಹೋದ್ರ ಮಲ್ಲಾಬಾಯೀನೂ ಕರಕೊಂಡೇ ಹೋಗಮು. ಆಕಿಗಿ ಕಿಟಕಿ ಜಗಾ ಮಾತ್ರ ಕೊಡಂಗಿಲ್ಲ ನೋಡ್ರಿ,” ಎಂದಳು ಸೂಗಮ್ಮ.

ಓಣಿಯ ತಿರುವಿನಲ್ಲಿ ಕೊಂಕಲ್ ಹಳ್ಳಿಯ ಕಡೆಯ ಟ್ರ್ಯಾಕ್ಟರೊಂದು ಬಂದು ನಿಂತಿತು. ಜನ ಒಬ್ಬೊಬ್ಬರಾಗಿ ಇಳಿದು, ಧೂಳು ಕೊಡವಿಕೊಂಡು, ಕಾಲುವೆ ಲಿಂಗಣ್ಣನ ಮನೆ ಯಾವುದೆಂದು ಕೇಳತೊಡಗಿದರು. ಸೂಗಮ್ಮ ಒಳಗೆ ಹೋಗಿ ದೊಡ್ಡ ಪಾತ್ರೆಯಲ್ಲಿ ಚಹಾಕ್ಕೆ ನೀರಿಟ್ಟಳು.