ಮಡಿಕೆಯ ಅಂಚು

ಅಕಾಯಿತಿ: ಸ್ವೆಟರ್ ಹೆಣೆದು ಯಾರಿಗೆ ತೊಡಿಸ್ತೀರಿ? ಹಂದಿಗಾ?

ಮತಾಯೋ: ಮಧ್ಯೆ ಹಂದಿ ಯಾಕೆ ಬಂತು? ಆಕ್ಲೆಂಡಿನಿಂದ ನಿನ್ನ ತಂಗಿ ಉಣ್ಣೆ, ಹೆಣಿಗೆ ಕಡ್ಡಿ ಎರಡೂ ಕಳಿಸಿದಾಳೆ. ಹೊಸದಾಗಿ ಕಲಿಯೋರಿಗೆ ಇದೇ ಸುಲಭ ಅಂತ ಹೇಳಿಯೂ ಕಳಿಸಿದಾಳೆ. ಇದ್ದದ್ದನ್ನ ಇದ್ದ ಹಾಗೆ ನಿನ್ನ ಮುಂದೆ ಇಟ್ಟೆ.

ಅಕಾಯಿತಿ: ಅವಳಿರೋ ಊರಲ್ಲಿ ಚಳಿಗೆ ಹಲ್ಲು ಕಟಕಟ ಅನ್ನತ್ತೆ. ಇಲ್ಲಿ ಉಣ್ಣೆ ಉಂಡೆ ತೊಡೆ ಮೇಲಿಟ್ಕೊಂಡು ಕೂತು ನೋಡಿ. ಒಂದು ಸಾಲು ಮುಗಿಯೋದ್ರಲ್ಲಿ ಮೈಯೆಲ್ಲ ಬೆವರುಸಾಲೆ.

ಮತಾಯೋ: ಸರಿ, ಉಣ್ಣೆ ತಿರಸ್ಕೃತ. ಮುಂದಿನದು ಹೇಳು.

ಮತಾಯೋ ಉಣ್ಣೆಯ ಉಂಡೆಯನ್ನು ಮೇಜಿನ ಎಡಗಡೆಗೆ ಸರಿಸಿದ. ಪೆಸಿಫಿಕ್ ಸಾಗರದ ಮಂಗಾಯಾ ದ್ವೀಪದ ಬಂದರಿನಲ್ಲಿ ಹಡಗಿನಿಂದ ಇಳಿದ ಪ್ರತಿಯೊಂದು ಮೂಟೆಯನ್ನೂ ತೂಗಿ, ಅಳೆದು, ಮುದ್ರೆಯೊತ್ತಿ ನಿವೃತ್ತನಾದ ಮನುಷ್ಯ ಅವನು. ಒಪ್ಪಿತವಾದ ಸರಕು ಬಲಕ್ಕೆ, ತಿರಸ್ಕೃತವಾದದ್ದು ಎಡಕ್ಕೆ ಎಂಬ ಶಿಸ್ತನ್ನು ಆತ ಪಿಂಚಣಿಯ ಜೊತೆಗೇ ಮನೆಗೆ ತಂದಿದ್ದ; ಈಗ ತಾನು ಕಲಿಯಲೊಂದು ಕೈಕೆಲಸವನ್ನೂ ಹಾಗೆಯೇ ಆರಿಸುತ್ತಿದ್ದ. ಹೆಂಡತಿ ಅಕಾಯಿತಿ ನೆಲದ ಮೇಲೆ ಚಾಪೆ ಹಾಸಿಕೊಂಡು ಕುಳಿತಿದ್ದಳು. ಅವಳ ಮಗ್ಗುಲಲ್ಲಿ, ಎಂಟು ಪದರವಾಗಿ ತ್ರಿಕೋನಾಕಾರಕ್ಕೆ ಮಡಚಿ, ಗುಂಡುಸೂಜಿ ಚುಚ್ಚಿಟ್ಟ, ಕೌದಿಗೆಂದು ತರಿಸಿದ ಕೆಂಪು ಬಟ್ಟೆಯಿತ್ತು. ಗಂಡನೊಡನೆ ಮಾತನಾಡುವಾಗಲೂ ಅವಳ ಒಂದು ಕಣ್ಣು ಆ ಬಟ್ಟೆಯ ಮೇಲೆಯೇ ಇತ್ತು.

ಅಕಾಯಿತಿ: ಕ್ರೋಶೆ ಕಲೀರಿ. ಒಂದೇ ಕೊಕ್ಕೆ, ಒಂದೇ ದಾರ. ತಪ್ಪಿದ್ರೆ ಎಳೆದ್ರಾಯ್ತು, ಪೂರ್ತಿ ಬಿಚ್ಚಿಕೊಳ್ಳತ್ತೆ.

ಮತಾಯೋ: ಎಳೆದ್ರೆ ಬಿಚ್ಚಿಕೊಳ್ಳೋ ವಸ್ತುವಿಗೆ ನಾನು ಮುದ್ರೆ ಹಾಕಿದವನಲ್ಲ. ಎಡಕ್ಕೆ.

ಅಕಾಯಿತಿ: ದಿಂಬಿನ ಚೀಲಕ್ಕೆ ಕಸೂತಿ?

ಮತಾಯೋ: ಕಳೆದ ತಿಂಗಳು ನೀವೆಲ್ಲ ಸೇರಿ ದಾಸವಾಳ ಹಾಕಿದ್ರಲ್ಲ, ಅದಕ್ಕೆ ಎಷ್ಟು ದಳ ಇತ್ತು?

ಅಕಾಯಿತಿ: ಯಾರಿಗೆ ಗೊತ್ತು? ಚೆಂದ ಇತ್ತು.

ಮತಾಯೋ: ಆರು! ನಮ್ಮ ಬೇಲಿಯ ದಾಸವಾಳಕ್ಕೆ ಐದು. ಸುಳ್ಳು ಹೂವನ್ನ ದಿಂಬಿನ ಮೇಲೆ ಹೊಲಿದು, ಅದರ ಮೇಲೆ ತಲೆಯಿಟ್ಟು ನಿದ್ದೆ ಹೇಗೆ ಬರತ್ತೆ ಜನಕ್ಕೆ?

ಅಕಾಯಿತಿ: ನಿಮ್ಮ ಗೊರಕೆ ಕೇಳಿದ್ರೆ ಚೆನ್ನಾಗೇ ಬರೋ ಹಾಗಿದೆ. ಚಿಪ್ಪಿನ ಸರ ಪೋಣಿಸಿ.

ಮತಾಯೋ: ಆ ಚಿಪ್ಪಿನ ಬಸವನಹುಳ ಮಳೆ ಬಂದ ಮೇಲೇ ಹೊರಗೆ ಬರೋದು. ಮಳೆ ಕಾಯ್ತಾ ಕೂತ್ಕೊಳ್ಳೋದು ಕಲಿಕೆಯಲ್ಲ, ಅದು ಬೇಸಾಯ.

ಅಕಾಯಿತಿ: ಅಲ್ರೀ, ನಿಮಗೆ ಇದೆಲ್ಲ ಯಾಕೆ? ಮೀನು ಹಿಡೀರಿ. ಹೋದ ವಾರವೆಲ್ಲ ಕೊಟ್ಟಿಗೆಯಲ್ಲಿ ಕೂತು ತೆಂಗಿನ ಚಿಪ್ಪನ್ನ ಅರದಲ್ಲಿ ಉಜ್ಜಿದ್ದೇ ಉಜ್ಜಿದ್ದು. ನನ್ನ ಹಲ್ಲೆಲ್ಲ ಜುಮ್ ಅಂತಿತ್ತು. ಏನದು ಅಂದ್ರೆ ಮೀನಿಗೆ ಅಂದ್ರಿ.

ಮತಾಯೋ ಕಿಟಕಿಯಾಚೆ ನೋಡಿದ. ಅಂಗಳದ ದೀವಿಹಲಸಿನ ಮರದ ಬುಡದಲ್ಲಿ ಮಡಚುವ ಕುರ್ಚಿಯೊಂದು ಒರಗಿ ನಿಂತಿತ್ತು. ಪ್ರತಿ ಮಂಗಳವಾರ ಊರಿನ ಹೆಂಗಸರ ಹೊಲಿಗೆಯ ಸಂಘ ಇದೇ ಪಡಸಾಲೆಯಲ್ಲಿ ಸೇರುತ್ತಿತ್ತು. ಮನೆಯ ಯಜಮಾನನಿಗೆ ಅಂದಿನ ಚಹಾ ಆ ಮರದಡಿಯಲ್ಲಿ.

ಮತಾಯೋ: ಇಯೋತಾಮನ ಕೂದಲು ಮೊದಲ ಸಲ ಕತ್ತರಿಸೋ ಶಾಸ್ತ್ರದ ದಿವಸ ಅವನನ್ನ ಈ ಕೌದಿಯ ಮೇಲೆ ಕೂರಿಸ್ತಾರೆ. ಹೌದೋ ಅಲ್ವೋ?

ಅಕಾಯಿತಿ: ಹೌದು. ಮಗಳ ಮಗ. ಅಜ್ಜಿ ಮನೆ ಕೌದಿಯ ಮೇಲೆ ಅಲ್ದೆ ಇನ್ನೆಲ್ಲಿ ಕೂತ್ಕೋತಾನೆ?

ಮತಾಯೋ: ಆಗ ಪಾದ್ರಿಗಳು ಎದ್ದು ನಿಂತು, ಕತ್ತರಿಸಿದ್ದು ಇಂಥವರು, ಹೊಲಿದದ್ದು ಇಂಥಿಂಥವರು ಅಂತ ಊರ ಮುಂದೆ ಒಬ್ಬೊಬ್ಬರ ಹೆಸರು ಹೇಳ್ತಾರೆ. ಅಜ್ಜನ ಬಗ್ಗೆ ಏನು ಹೇಳ್ತಾರೆ?

ಅಕಾಯಿತಿ: ಊಟದ ಹಂದಿ ಸಾಕಿದ್ದು ಇವರು ಅಂತಾರೆ. ಸಾಲದಾ?

ಮತಾಯೋ: ನೋಡು, ಮತ್ತೆ ಹಂದಿಗೇ ಬಂದೆ!

ಅಕಾಯಿತಿಗೆ ನಗು ತಡೆಯಲಾಗಲಿಲ್ಲ. ಗಂಡನ ಮುಖ ನೋಡಿದ ಮೇಲೆ ನಕ್ಕದ್ದು ಸ್ವಲ್ಪ ಹೆಚ್ಚಾಯಿತೇನೋ ಎಂದೂ ಅನಿಸಿತು.

ಅಕಾಯಿತಿ: ಆಯ್ತು, ಕೌದಿ ಕೆಲಸಾನೇ ಕಲೀರಿ. ಯಾರು ಬೇಡ ಅಂದ್ರು? ನಾವೆಲ್ಲ ಎಲ್ಲಿಂದ ಶುರು ಮಾಡಿದ್ವೋ ನೀವೂ ಅಲ್ಲಿಂದ್ಲೇ ಶುರು ಮಾಡಿ. ಮುದುಕಿಯರ ಸೂಜಿಗೆ ದಾರ ಪೋಣಿಸಿ ಕೊಡಿ.

ಮತಾಯೋ: ಅದು ಲಂಗ ಹಾಕೋ ಮಕ್ಕಳು ಮಾಡೋ ಕೆಲಸ!

ಅಕಾಯಿತಿ: ಹೌದು. ಅವಕ್ಕೆ ಕಣ್ಣು ಚೆನ್ನಾಗಿರತ್ತೆ. ನಿಮಗೆ ಅದೂ ಇಲ್ಲ.

ಮತಾಯೋ: ನಾನು ಕತ್ತರಿ ಕೆಲಸ ಕಲೀತೀನಿ.

ಅಕಾಯಿತಿಯ ನಗು ನಿಂತಿತು. ಕತ್ತರಿ ಸಂಘದ ಹಿರಿಯಳಾದ ರೂತಾ ಅಜ್ಜಿಯದು. ಆಕೆ ಮಡಚಿಟ್ಟ ಬಟ್ಟೆಯನ್ನು ಆಕೆಯೇ ಕತ್ತರಿಸಬೇಕು. ಬಿಡಿಸಿದಾಗ ಎಲೆ, ಹೂವು, ಬಳ್ಳಿ ಎಲ್ಲವೂ ಒಂದನ್ನೊಂದು ಹಿಡಿದುಕೊಂಡ ಒಂದೇ ಚಿತ್ರವಾಗಿ ಹರಡಬೇಕು. ಅದನ್ನು ಬಿಳಿಯ ಬಟ್ಟೆಯ ಮೇಲೆ ಹಾಸಿ ಹೆಂಗಸರು ಹೊಲಿಯಬೇಕು. ತಲೆ ನರೆತ ಮೇಲೂ ಅಕಾಯಿತಿ ಆ ಕತ್ತರಿಯನ್ನು ಕೈಯಲ್ಲಿ ಹಿಡಿದು ನೋಡಿದವಳಲ್ಲ.

ಅಕಾಯಿತಿ: ಬಾಯಿಗೆ ಬಂದ ಹಾಗೆ ಮಾತಾಡಬೇಡಿ. ಅದು ಅಜ್ಜಿಯ ಕೈಯಲ್ಲಿ ಮಾತ್ರ ಆಗೋದು.

ಮತಾಯೋ: ಯಾಕೆ? ಕೌದಿಯಲ್ಲಿ ಅಳತೆ ಅಂತ ಇರೋದು ಅದೊಂದು ಕಡೆ. ಅಲ್ಲೇ ನೀವು ಅಳತೆಪಟ್ಟಿ ಇಡೋದಿಲ್ಲ. ಅಜ್ಜಿ ಪೆನ್ಸಿಲ್ ಗೀರೂ ಹಾಕೋದಿಲ್ಲ, ಕಣ್ಣಂದಾಜಿನಲ್ಲೇ ಕತ್ತರಿ ಓಡಿಸ್ತಾಳೆ. ಬಂದರಿನಲ್ಲಿ ನಾನು ಕಣ್ಣಂದಾಜಿನಲ್ಲಿ ತೂಗಿದ್ರೆ ನನ್ನನ್ನ ಮನೆಗೆ ಕಳಿಸ್ತಿದ್ರು.

ಅಕಾಯಿತಿ: ಈಗ ಮನೆಯಲ್ಲೇ ಇದೀರಲ್ಲ. ನೋಡ್ರೀ, ಈ ಬಟ್ಟೆ ಬಂದ ಹಡಗು ಹೊರಟುಹೋಯ್ತು. ಇನ್ನೊಂದು ಬರೋದು ಇಯೋತಾಮನ ಶಾಸ್ತ್ರ ಮುಗಿದ ಮೇಲೆ. ದ್ವೀಪದಲ್ಲಿ ಇನ್ನೊಂದು ಮೊಳ ಕೆಂಪು ಬಟ್ಟೆ ಇಲ್ಲ. ಅಜ್ಜಿ ಇನ್ನೇನು ಬರ್ತಾಳೆ. ನಾನು ಡೋನಟ್ ಕರಿದು ಬರ್ತೀನಿ. ಅಲ್ಲೀವರೆಗೆ ಉಸಿರೂ ಆ ಕಡೆ ಬಿಡಬೇಡಿ.

ಅವಳು ಅಡುಗೆಮನೆಗೆ ಹೋದಳು. ಬಾಣಲೆಯಲ್ಲಿ ಮೊದಲ ಡೋನಟ್ ಬಿದ್ದು ಸದ್ದು ಮಾಡಿತು. ಅದರ ಹಿಂದೆಯೇ ಪಡಸಾಲೆಯಿಂದ ಇನ್ನೊಂದು ಸದ್ದು ಬಂತು, ದಪ್ಪ ಬಟ್ಟೆಯನ್ನು ಕತ್ತರಿ ಕಚ್ಚುತ್ತಾ ಹೋಗುವ ಸದ್ದು. ಜಾಲರಿ ಸೌಟು ಕೈಯಲ್ಲಿ ಹಿಡಿದುಕೊಂಡೇ ಅಕಾಯಿತಿ ಓಡಿಬಂದಳು. ಮತಾಯೋ ಮನೆಯ ಕತ್ತರಿಯನ್ನು ಪಕ್ಕಕ್ಕಿಟ್ಟು, ಮೊಣಕಾಲೂರಿ ಕುಳಿತು, ಬಟ್ಟೆಯ ಮೇಲೆ ಉಕ್ಕಿನ ಅಳತೆಪಟ್ಟಿಯನ್ನು ಒತ್ತಿಹಿಡಿದಿದ್ದ.

ಅಕಾಯಿತಿ: ಏನ್ ಮಾಡಿದ್ರಿ?

ಮತಾಯೋ: ಗಾಬರಿಯಾಗಬೇಡ. ಚಿತ್ರ ಕತ್ತರಿಸಿಲ್ಲ. ಅದು ಅಜ್ಜಿಯ ಕೆಲಸ, ನಾನು ಒಪ್ಪಿದೀನಿ. ಅಂಚು ನೆಟ್ಟಗಿರಲಿಲ್ಲ, ಅಷ್ಟನ್ನ ಸಮ ಮಾಡಿದೆ.

ಅಕಾಯಿತಿಯ ಹೋದ ಜೀವ ಅರ್ಧ ಮರಳಿತು. ಹೊರಗಿನ ಅಂಚಿನಲ್ಲಿ ಒಂದು ಬೆರಳಗಲ ಹೋದರೆ ಹೋಗಲಿ, ಯಾರಿಗೂ ತಿಳಿಯುವುದಿಲ್ಲ.

ಅಕಾಯಿತಿ: ಯಾವ ಅಂಚು?

ಮತಾಯೋ: ಉಬ್ಬಿಕೊಂಡಿತ್ತಲ್ಲ, ಆ ಅಂಚು.

ಅಕಾಯಿತಿ: ಪದರ ಪದರವಾಗಿ ಬಾಯಿ ಬಿಟ್ಟಿತ್ತಲ್ಲ, ಅದು ತಾನೇ? ಹೌದು ಅನ್ನಿ.

ಮತಾಯೋ: ಅಲ್ಲ. ಅದು ನೆಟ್ಟಗೇ ಇತ್ತು. ಬಾಯಿ ಮುಚ್ಚಿತ್ತಲ್ಲ, ಆ ಕಡೆ.

ಅಕಾಯಿತಿ: ಮುಚ್ಚಿದ ಕಡೆ...

ಮತಾಯೋ: ಎರಡೂ ಕಡೆ. ಒಂದನ್ನ ಮಾಡಿ ಇನ್ನೊಂದನ್ನ ಬಿಟ್ರೆ ನ್ಯಾಯವಲ್ಲ.

ಅಕಾಯಿತಿ ಗುಂಡುಸೂಜಿ ಕಿತ್ತು, ಬಟ್ಟೆಯ ತುದಿ ಹಿಡಿದು ಎತ್ತಿದಳು. ಮೇಲಿನ ಪದರವೊಂದೇ ಕೈಗೆ ಬಂತು, ಉಳಿದವು ಚಾಪೆಯ ಮೇಲೆಯೇ ಉಳಿದವು. ಇಡೀ ಚಿತ್ರವನ್ನು ಒಂದಾಗಿ ಹಿಡಿದಿಡಬೇಕಾಗಿದ್ದ ಮಡಿಕೆಗಳನ್ನೇ ಮತಾಯೋ ಕತ್ತರಿಸಿ ತೆಗೆದಿದ್ದ. ಒಂದು ಕೌದಿಯ ಬಟ್ಟೆ ಈಗ ಎಂಟು ತ್ರಿಕೋನ.

ಅಕಾಯಿತಿ: ಅಯ್ಯೋ! ಹುಟ್ಟಿದಾಗಿನಿಂದ ಆ ಮಗುವಿನ ಕೂದಲು ಬೆಳೆಸಿ, ಜಡೆ ಹಾಕಿ, ಈ ದಿನಕ್ಕೇಂತ ಕಾದಿದೀವಿ. ಈಗ ಅವನನ್ನ ಯಾವುದರ ಮೇಲೆ ಕೂರಿಸ್ಲಿ? ನಿಮ್ಮ ಅಳತೆಪಟ್ಟಿಯ ಮೇಲಾ?

ಮತಾಯೋ: ಎಂಟೂ ಒಂದೇ ಅಳತೆ ಬಂದಿದೆ. ಬೇಕಾದ್ರೆ ಇಟ್ಟು ನೋಡು.

ಅಕಾಯಿತಿ: ಒಲೆಗೆ ಇಡ್ತೀನಿ, ನಿಮ್ಮನ್ನೂ ಆ ಪಟ್ಟಿಯನ್ನೂ!

ಮೆಟ್ಟಿಲಲ್ಲಿ ಊರುಗೋಲಿನ ಸದ್ದಾಯಿತು. ಅಕಾಯಿತಿ ಎಂಟು ಹೋಳುಗಳನ್ನೂ ಬಾಚಿ ಒಟ್ಟುಮಾಡಿ, ಅವುಗಳ ಮೇಲೆ ತಾನೇ ಕುಳಿತು, ಲಂಗವನ್ನು ಅಗಲಕ್ಕೆ ಹರಡಿಕೊಂಡಳು. ರೂತಾ ಅಜ್ಜಿ ಒಳಗೆ ಬಂದಳು. ಕಿವಿಯ ಮೇಲೆ ಘಮಘಮಿಸುವ ಬಿಳಿಯ ತಿಯಾರೆ ಹೂವು, ಕಂಕುಳಲ್ಲಿ ಕತ್ತರಿಯ ಚೀಲ.

ರೂತಾ ಅಜ್ಜಿ: ಏನೋ ಸೀದ ವಾಸನೆ.

ಅಕಾಯಿತಿ: ಡೋನಟ್ ಅಜ್ಜಿ.

ರೂತಾ ಅಜ್ಜಿ: ಹೋಗಿ ತೆಗಿ ಮತ್ತೆ.

ಅಕಾಯಿತಿ: ಇರಲಿ ಅಜ್ಜಿ. ಇವರಿಗೆ ಸೀದದ್ದೇ ಇಷ್ಟ.

ಮತಾಯೋ: ನನಗಾ? ಯಾವತ್ತು ಹೇಳಿದೆ?

ರೂತಾ ಅಜ್ಜಿ: ಅಕಾಯಿತಿ, ನಿನ್ನ ಕೆಳಗೆ ಏನದು ಕೆಂಪಗೆ?

ಅಕಾಯಿತಿ: ಚಾಪೆ.

ಮತಾಯೋ: ಚಾಪೆಯಲ್ಲ. ವಸ್ತುಸ್ಥಿತಿ ನಾನು ಹೇಳ್ತೀನಿ ಅಜ್ಜಿ.

ಅಕಾಯಿತಿ: ನೀವು ಬಾಯಿ ಮುಚ್ಚಿ! ಕತ್ತರಿಸಿದ್ದು ಸಾಲದು ಅಂತ ಸಾಕ್ಷಿ ಬೇರೆ ಹೇಳ್ತಾರೆ.

ಮತಾಯೋ ಎದ್ದು ನಿಂತು, ಮೇಲಧಿಕಾರಿಗೆ ವರದಿ ಒಪ್ಪಿಸುವವನಂತೆ, ಒಂದನ್ನೂ ಬಿಡದೆ ಹೇಳಿದ. ಅಜ್ಜಿ ಕೋಲಿನಿಂದ ಅಕಾಯಿತಿಯನ್ನು ಸರಿಸಿ, ಹೋಳುಗಳನ್ನು ಒಂದೊಂದಾಗಿ ಚಾಪೆಯ ಮೇಲೆ ಸುತ್ತ ಜೋಡಿಸಿದಳು. ಬಹಳ ಹೊತ್ತು ನೋಡಿದಳು. ಅಡುಗೆಮನೆಯಿಂದ ಹೊಗೆ ಬಂತು. ಯಾರೂ ಕದಲಲಿಲ್ಲ.

ರೂತಾ ಅಜ್ಜಿ: ಇವನು ಕುರುಡನೋ, ದಡ್ಡನೋ?

ಅಕಾಯಿತಿ: ಎರಡೂ ಅಜ್ಜಿ. ಸರ್ಕಾರ ಅದಕ್ಕೇ ಪಿಂಚಣಿ ಕೊಡತ್ತೆ.

ರೂತಾ ಅಜ್ಜಿ: ಹೂವು ಹೋಯ್ತು ಅಂತ ಅಳಬೇಡ. ಎಂಟು ಎಲೆ ಮಾಡ್ತೀನಿ. ಬಿಳಿ ಬಟ್ಟೆ ಮೇಲೆ ಹಾಸಿ, ಸೇರೋ ಕಡೆಯೆಲ್ಲ ಅಂಚು ಮಡಚಿ ಹೊಲಿದು, ಅದರ ಮೇಲೆ ಹಸಿರು ದಾರದಲ್ಲಿ ಬಳ್ಳಿ ಓಡಿಸಬೇಕು. ಕತ್ತರಿಸಿದ್ದು ಯಾರ ಕಣ್ಣಿಗೂ ಬೀಳಲ್ಲ. ಆದ್ರೆ ಹೊಲಿಗೆ ಬಹಳ ಆಯ್ತು. ಮಿಕ್ಕ ಹೆಂಗಸರಿಗೆ ಆ ಕೆಲಸ ನಾನು ಹಚ್ಚಲ್ಲ.

ಅಕಾಯಿತಿ: ಮತ್ತೆ ಯಾರು?

ರೂತಾ ಅಜ್ಜಿ: ಕತ್ತರಿಸಿದವನು. ಸಣ್ಣವಳಿದ್ದಾಗ ನಾನು ಕೆಡಿಸಿದ್ದನ್ನೆಲ್ಲ ನಮ್ಮಜ್ಜಿ ನನ್ನ ಕೈಯಲ್ಲೇ ಹೊಲಿಸ್ತಿದ್ಲು. ಮತಾಯೋ, ಮುಂದಿನ ಮಂಗಳವಾರದಿಂದ ಮರದ ಕೆಳಗಲ್ಲ, ಇಲ್ಲಿ, ನನ್ನ ಪಕ್ಕ. ಶಾಸ್ತ್ರದ ದಿನದವರೆಗೆ ಬಿಡಲ್ಲ.

ಮತಾಯೋ: ಶಿಕ್ಷೆ ಒಪ್ಪಿದೆ.

ಅವನು ಬಹಳ ಬೇಗ ಒಪ್ಪಿದ ಎಂದು ಅಕಾಯಿತಿಗೆ ಆಗಲೇ ಅನಿಸಿತು. ದಾಸವಾಳದ ಒಂದು ದಳಕ್ಕೆ ಅರ್ಧ ದಿನ ವಾದಿಸುವ ಮನುಷ್ಯ.

ಅಕಾಯಿತಿ: ಬೇಡ ಅಜ್ಜಿ. ಇವರು ಸೂಜಿ ಹಿಡಿದ್ರೆ ಬಟ್ಟೆಗಿಂತ ಬೆರಳಿಗೇ ಹೆಚ್ಚು ಚುಚ್ಚಿಕೊಳ್ತಾರೆ. ಬಿಳಿ ಬಟ್ಟೆ ಮೇಲೆ ರಕ್ತ ಬಿದ್ರೆ?

ರೂತಾ ಅಜ್ಜಿ ಚೀಲದಿಂದ ತನ್ನ ಬೆರಳುಟೋಪಿಯನ್ನು ತೆಗೆದು ಕೊಟ್ಟಳು. ಹೊಲಿಯುವಾಗ ಬೆರಳಿಗೆ ತೊಡುವ ಆ ತಗಡಿನ ಟೋಪಿ ಮತಾಯೋನ ದಪ್ಪ ಬೆರಳಿನಲ್ಲಿ ಉಗುರು ದಾಟಲಿಲ್ಲ.

ಅಕಾಯಿತಿ: ನೋಡಿದ್ಯಾ ಅಜ್ಜಿ? ಈ ಬೆರಳಿಗೆ ಟೋಪಿ ಈ ದ್ವೀಪದಲ್ಲೇ ಇಲ್ಲ.

ಮತಾಯೋ ಅಂಗಿಯ ಜೇಬಿಗೆ ಕೈ ಹಾಕಿ, ಏನನ್ನೋ ತೆಗೆದು, ನಡುಬೆರಳಿಗೆ ಏರಿಸಿದ. ತೆಂಗಿನ ಚಿಪ್ಪಿನಲ್ಲಿ ಮಾಡಿದ ಟೋಪಿ. ಕನ್ನಡಿಯಂತೆ ಉಜ್ಜಿ, ಸೂಜಿಯ ತಲೆ ಜಾರದಂತೆ ಮೇಲೆಲ್ಲ ಸಣ್ಣ ಸಣ್ಣ ಗುಳಿ ಕೊರೆದಿತ್ತು. ಬೆರಳಿಗೆ ಅದು ಅಳತೆ ಕೊಟ್ಟು ಮಾಡಿಸಿದಂತೆ ಕುಳಿತಿತು.

ಅಕಾಯಿತಿ: ಇದು... ಹೋದ ವಾರ ಉಜ್ಜಿದ್ದು ಇದನ್ನಾ? ಮೀನಿಗೆ ಅಂದಿರಲ್ಲ?

ಮತಾಯೋ: ಮೀನಿಗೆ ಬೆರಳೆಲ್ಲಿದೆ?

ಅಕಾಯಿತಿ: ಮುಖ ನೋಡಿ ಹೇಳಿ. ಮಡಿಕೆ ತಪ್ಪಿ ಕತ್ತರಿಸಿದ್ರೋ, ಬೇಕೂಂತ ಕತ್ತರಿಸಿದ್ರೋ?

ಮತಾಯೋ ಅಳತೆಪಟ್ಟಿಯನ್ನು ಅಂಗಿಯ ತುದಿಯಿಂದ ನಿಧಾನವಾಗಿ ಒರೆಸಿದ.

ಮತಾಯೋ: ಇಡೀ ಸೇವಾವಧಿಯಲ್ಲಿ ನನ್ನ ಅಳತೆ ಒಂದು ಸಲವೂ ತಪ್ಪಿಲ್ಲ.

ಅಕಾಯಿತಿ: ಅಯ್ಯೋ ದೇವರೇ! ನನ್ನ ಮೊಮ್ಮಗನಿಗೆ ಒಂದು ಹೊಲಿಗೆ ಹಾಕ್ತೀನಿ, ಜಾಗ ಕೊಡಿ ಅಂತ ಬಾಯಿಬಿಟ್ಟು ಕೇಳಿದ್ರೆ ಆಗ್ತಿರಲಿಲ್ವಾ?

ಮತಾಯೋ: ಬೆಳಿಗ್ಗೆಯಿಂದ ಕೇಳಿದ್ದೇ ಅದು. ನೀನು ಸೂಜಿಗೆ ದಾರ ಪೋಣಿಸಿ ಅಂದೆ. ಈಗ ನೋಡು, ನೇರವಾಗಿ ಹೊಲಿಗೆಗೇ ಸೇರಿದೆ.

ಅಕಾಯಿತಿ ಜಾಲರಿ ಸೌಟು ಎತ್ತಿಕೊಂಡು ಹೊಗೆಯ ಕಡೆ ಹೊರಟಳು. ಮತಾಯೋ ಮರದಡಿಯ ಕುರ್ಚಿಯನ್ನು ಕಿಟಕಿಯಿಂದ ಕೊನೆಯ ಸಲ ನೋಡಿ, ರೂತಾ ಅಜ್ಜಿಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, ಟೋಪಿ ತೊಟ್ಟ ಬೆರಳನ್ನು ನೆಟ್ಟಗೆ ಹಿಡಿದುಕೊಂಡ. ಅಜ್ಜಿ ಕನ್ನಡಕವನ್ನು ಹಣೆಗೇರಿಸಿ, ಚೀಲವೆಲ್ಲ ತಡಕಿ, ಸೂಜಿಯೊಂದನ್ನು ಹೊರತೆಗೆದು ಅವನ ಮುಂದೆ ಹಿಡಿದಳು.

ರೂತಾ ಅಜ್ಜಿ: ತಗೋ. ಮೊದಲು ಇದಕ್ಕೆ ದಾರ ಪೋಣಿಸಿ ಕೊಡು.