ಹಾಲು ಬಿಟ್ಟ ಮರಿಯೂ ಬಾಯಿ ನೋಡುವ ಮಾವನೂ

ನಮ್ಮ ಸೋದರಮಾವ ಯಾರದೇ ಮುಖ ನೋಡಿ ಮಾತಾಡಿದ್ದನ್ನು ನಾನಂತೂ ಕಂಡಿಲ್ಲ. ಅವರು ನೋಡುವುದು ಬಾಯಿ! ಮಾತು ಕೇಳುವುದಕ್ಕಲ್ಲ, ಹಲ್ಲು ಎಣಿಸುವುದಕ್ಕೆ. ತುರುವನೂರಿನ ಕಡೆ ಆಯುಷ್ಯವೆಲ್ಲ ಕುರಿ ಕಾಯ್ದವರು. ಕುರಿಯ ಕೆಳದುಟಿ ಎಳೆದು ನೋಡಿದರೆ ವಯಸ್ಸು ತಿಳಿಯುತ್ತದಂತೆ: ದೊಡ್ಡ ಹಲ್ಲು ಎರಡೇ ಬಂದಿದ್ದರೆ ಎಳೆಯದು, ನಾಲ್ಕಾದರೆ ಹರೆಯದ್ದು, ಸಾಲು ತುಂಬಿದರೆ ‘ಬಾಯಿ ಕೂಡಿತು’ ಎಂದು ಲೆಕ್ಕ. ಈ ಶಾಸ್ತ್ರ ಕುರಿಹಟ್ಟಿಯಲ್ಲೇ ಮುಗಿಯಬೇಕಿತ್ತು. ನಮ್ಮ ಮಾವ ಅದನ್ನು ಇಡೀ ಮನುಕುಲಕ್ಕೆ ವಿಸ್ತರಿಸಿದರು!

ನನ್ನನ್ನು ನೋಡಲು ಹೊಸದುರ್ಗದಿಂದ ಗಂಡು ಬಂದಾಗಲೂ ಅಷ್ಟೇ. ಎಲ್ಲರೂ ಅವನ ಕೆಲಸ ವಿಚಾರಿಸುತ್ತಿದ್ದರೆ, ಇವರು ಎದುರಿಗೆ ಕೂತು ಅವನನ್ನು ನಗಿಸಲು ಹೆಣಗುತ್ತಿದ್ದರು. ಪಾಪ, ಹುಡುಗ ಮರ್ಯಾದೆಗೆಂದು ಒಮ್ಮೆ ಬಾಯ್ತುಂಬ ನಕ್ಕ. ಮಾವ ಥಟ್ಟನೆ ಅಪ್ಪನ ಕಡೆ ತಿರುಗಿ, “ಬಾಯಿ ಕೂಡೈತೆ ಭಾವ. ಇಪ್ಪತ್ತೇಳು ಅಂಬೋದು ಸುಳ್ಳು. ಮೂವತ್ತೈದಕ್ಕೆ ಕಮ್ಮಿ ಇಲ್ಲ!” ಅಂದರು.

ಇಪ್ಪತ್ತೇಳೇ ನಿಜ ಎಂದು ಹುಡುಗ ಫೋನಿನಲ್ಲಿದ್ದ ಅಂಕಪಟ್ಟಿ ತೆಗೆದು ತೋರಿಸಿದ. ಬಂದವರು ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನೂ ಮುಗಿಸದೆ ಎದ್ದರು. ಅಮ್ಮ ಕಣ್ಣೀರು ಹಾಕಿದಳು. ನಾನು ಮಾತ್ರ ಕೋಣೆಯ ಬಾಗಿಲು ಹಾಕಿಕೊಂಡು ಕುಣಿದೆ. ಏಕೆಂದರೆ ‘ಮದುವೆ ಆದ್ಮೇಲೆ ಇಷ್ಟೊಂದು ಮಾತು ಕಮ್ಮಿ ಮಾಡ್ಕಬೇಕು’ ಎಂದು ಅವನು ಆಗಲೇ ಅಪ್ಪಣೆ ಕೊಡಿಸಿದ್ದ! ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು. ಅಲ್ಲಿ ವಾದ ಮುರಿದರೆ ಎದುರಾಳಿ ಸೋತಂತೆ. ಮಾವನದು ಯಾವಾಗಲೂ ವಾದ ತಪ್ಪು, ತೀರ್ಪು ಸರಿ. ಇಂಥವರ ಜೊತೆ ಬಾಳುವುದು ಹೇಗೆ, ನೀವೇ ಹೇಳಿ?

ಹೋದ ವರ್ಷ ಮಂಡಿ ಸೋತಿತೆಂದು ಮಾವ ಮಂದೆಯನ್ನು ಮಗನಿಗೆ ಒಪ್ಪಿಸಿ, “ನಾಕು ದಿನ ಇದ್ದು ಹೋಗ್ತೀನಿ” ಎಂದು ಚಿತ್ರದುರ್ಗದ ನಮ್ಮ ಮನೆಗೆ ಬಂದರು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ. ಅದೇ ಹೊತ್ತಿಗೆ, ಪಕ್ಕದ ಬೀದಿಯಲ್ಲಿರುವ ಅಕ್ಕನ ಐದು ವರ್ಷದ ಮಗಳಿಗೆ ಹಾಲು ಒಗ್ಗುವುದಿಲ್ಲವೆಂದು ಗೊತ್ತಾಯಿತು. ಕುಡಿದರೆ ಮೈಯೆಲ್ಲ ದದ್ದು, ವಾಂತಿ. ಡಾಕ್ಟರಮ್ಮ ಹಾಲು ಮೊಸರು ಎಲ್ಲ ನಿಲ್ಲಿಸಿ, “ರಾಗಿ, ಎಳ್ಳು, ನುಗ್ಗೆಸೊಪ್ಪು ಧಾರಾಳವಾಗಿ ಕೊಡಿ. ಆರು ತಿಂಗಳು ಬಿಟ್ಟು ಬನ್ನಿ, ಬೆಳವಣಿಗೆ ನೋಡೋಣ” ಎಂದರು.

ಅಕ್ಕನ ನಿದ್ದೆ ಹಾರಿತು. ಹೊಳಲ್ಕೆರೆಯಿಂದ ಅವಳ ಅತ್ತೆಯ ಫೋನು ಬೇರೆ: “ಹಾಲು ಕುಡೀದಿದ್ರೆ ಮೂಳೆ ಎಲ್ಲಿಂದ ಬರ್ತಾವೆ? ನನ್ನ ನೋಡು, ಇವತ್ತಿಗೂ ಎರಡು ಲೋಟ ಕುಡೀತೀನಿ!” ಹೌದು, ಎರಡು ಲೋಟ ಕುಡಿದೂ ಅವರು ಮೆಟ್ಟಿಲು ಹತ್ತಬೇಕಾದರೆ ಇಬ್ಬರ ಹೆಗಲು ಹುಡುಕುತ್ತಾರೆ. ಇದನ್ನು ನಾನು ಫೋನಿಗೇ ಬಾಯಿಟ್ಟು ಹೇಳಿದೆ. ಅಕ್ಕ ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು.

ಮಾವನಿಗೆ ಮಾತ್ರ ಚಿಂತೆಯೇ ಇಲ್ಲ. “ಹಾಲು ಬಿಟ್ಟ ಮರಿ ಸಾಯ್ತೈತೇನೇ? ಮೂರು ತಿಂಗ್ಳಿಗೆ ತಾಯೇ ಒದ್ದು ಓಡಿಸ್ತೈತೆ. ಆಮ್ಯಾಲೆ ಅದು ಟಗರು ಆಗಲ್ವಾ? ಕೊಂಬು ಬರಲ್ವಾ? ಎಲ್ಲಿಂದ ಬಂತು? ಸೊಪ್ಪಿಂದ!”

“ಮಾವ, ಮನುಷ್ಯ ಕುರಿಯಲ್ಲ. ಕುರಿ ಹೊಟ್ಟೇಲಿ ನಾಲ್ಕು ಕೋಣೆ ಇರ್ತವೆ. ನಮಗಿರೋದು ಒಂದೇ.”

“ಒಂದೇ ಕೋಣೇಲಿ ಬಾಡಿಗೆ ಮನೆಯೋರು ಸಂಸಾರ ಮಾಡಲ್ವೇನೇ ಲಾಯರಮ್ಮ?”



ಡಾಕ್ಟರಮ್ಮ ಹೇಳಿದ್ದನ್ನೇ ಮಾವ ವಾರದೊಳಗೆ ತಾವೇ ಕಂಡುಹಿಡಿದವರಂತೆ ಬೀದಿಗೆಲ್ಲ ಸಾರಿದರು. ಆಮೇಲೆ ಶುರುವಾಯಿತು ಮಗುವನ್ನು ಮೇಯಿಸುವ ಕಾರ್ಯಕ್ರಮ. ಅಕ್ಷರಶಃ! ಹೆಗಲಿಗೆ ಕಂಬಳಿ, ಕೈಗೆ ಕೋಲು, ಮುಂದೆ ಒಂದೇ ಒಂದು ಮರಿ. ಕಾಂಪೌಂಡುಗಳಿಂದ ಆಚೆ ಬಗ್ಗಿದ ನುಗ್ಗೆ ಕೊಂಬೆಗಳಿಗೆಲ್ಲ ಮಾವನ ಕೋಲಿನ ಪರಿಚಯವಾಯಿತು. ಒಂದು ಸಂಜೆ ನಿವೃತ್ತ ಮೇಷ್ಟರೊಬ್ಬರು ಗೇಟಿಗೆ ಬಂದು, “ಕೇಳಿ ಕೀಳಬಾರ್ದೇನ್ರಿ?” ಎಂದು ಗದರಿದರು.

“ನಾನೆಲ್ಲಿ ಕಿತ್ತೆ? ಮರಿ ಮೇಯ್ತು. ಬುದ್ಧಿ ಹೇಳೋದಿದ್ರೆ ಮರಿಗೆ ಹೇಳ್ರಿ!”

ಮರಿ ಮೇಷ್ಟರ ಮುಖ ನೋಡಿ “ಬ್ಯಾ!” ಎಂದಿತು.

ಒಂದು ಸಲ ಮಾತ್ರ ನಾನು ಗೆದ್ದೆ. ಮಾವ ಅಮ್ಮನ ಎಲೆಅಡಿಕೆಯ ಸುಣ್ಣವನ್ನು ಮಗುವಿನ ಮುದ್ದೆಗೆ ಬೆರೆಸಲು ಹೊರಟಿದ್ದರು. ಮೂಳೆಯೂ ಬಿಳಿ, ಸುಣ್ಣವೂ ಬಿಳಿಯಂತೆ! ಡಬ್ಬಿ ಕಿತ್ತುಕೊಂಡೆ. “ಮಗು ಬಾಯಿ ಸುಟ್ಟುಹೋಗುತ್ತೆ ಮಾವ! ಬಿಳಿ ಇದ್ದಿದ್ದೆಲ್ಲ ಮೂಳೆ ಆಗೋದಾದ್ರೆ ನಿಮ್ಮ ಪಂಚೆ ತಿನ್ನಿಸಿ!”

ಮಾವ ತಮ್ಮ ಪಂಚೆಯನ್ನೊಮ್ಮೆ ನೋಡಿಕೊಂಡರು. “ಇದು ಬೆಳ್ಳಗೆ ಎಲ್ಲೈತೆ?”

ಊಟಕ್ಕೆ ಕೂತರೆ ಇನ್ನೊಂದು ಪಾಠ. ಮುದ್ದೆ ಅಗಿಯುವವರನ್ನು ಕಂಡರೆ ಅವರಿಗಾಗದು. “ಮುದ್ದೆ ನುಂಗ್ಬೇಕವ್ವ, ಅಗೀಬಾರ್ದು!” ತಾವು ಮೂರು ಹೊತ್ತೂ ನುಂಗಿದ್ದು ಅದನ್ನೇ, ಸೊಪ್ಪಿನ ಸಾರಿನ ಜೊತೆ. ಮಾಂಸದ ಅಡುಗೆಯಾದ ದಿನವೂ ಸಾರು ಮಾತ್ರ. ತುಂಡುಗಳೆಲ್ಲ ಮಗುವಿನ ತಟ್ಟೆಗೆ. ನಾವದನ್ನು ತ್ಯಾಗ ಎಂದುಕೊಂಡಿದ್ದೆವು.

“ತಾತ, ಹಲ್ಲೆಲ್ಲ ಬಿದ್ದೋದ ಕುರಿ ಏನ್ಮಾಡ್ತೈತೆ?” ಎಂದು ಮಗು ಒಮ್ಮೆ ಕೇಳಿತು.

“ಮೇಯಾಕಾಗಲ್ಲ. ಸಂತೆಗೆ ಹೊಡೀತಾರೆ.” ಒಂದು ಕೇಳಿದರೆ ಹತ್ತು ಹೇಳುವ ಮಾವ ಅವತ್ತು ಅಷ್ಟಕ್ಕೇ ನಿಲ್ಲಿಸಿ ಕೈತೊಳೆಯಲು ಎದ್ದರು.

ಆರು ತಿಂಗಳಾದ ಮೇಲೆ ಎಲ್ಲರೂ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಮಗುವನ್ನು ಅಳೆದರು, ತೂಗಿದರು, ರಕ್ತಪರೀಕ್ಷೆಯ ವರದಿ ನೋಡಿದರು. “ಚೆನ್ನಾಗಿ ಬೆಳೀತಿದಾಳೆ, ಮೂಳೆ ಗಟ್ಟಿಯಾಗಿವೆ. ಹೀಗೇ ನಡೆಸಿ” ಎಂದು ಅವರು ನಕ್ಕಾಗ ಅಕ್ಕ ಕೂತಲ್ಲೇ ಅತ್ತುಬಿಟ್ಟಳು. ಮಾವ? ಡಾಕ್ಟರಮ್ಮನ ಬಾಯಿ ನೋಡುತ್ತಿದ್ದರು!

ಅವತ್ತು ಸಂಜೆ ಅಕ್ಕ ಎಳ್ಳುಂಡೆ ಕಟ್ಟಿದಳು. ಸಂಭ್ರಮದಲ್ಲಿ ಬೆಲ್ಲದ ಪಾಕ ಏರಿ ಉಂಡೆಗಳು ಕಲ್ಲಾಗಿದ್ದವು; ಕೋಟೆಯ ಮೇಲಿಂದ ಉರುಳಿಸಿದ್ದರೆ ಶತ್ರುಸೈನ್ಯ ಓಡುತ್ತಿತ್ತು. ಮಗು ಒಂದನ್ನು ಮಾವನಿಗೆ ಹಿಡಿಯಿತು.

“ಒಲ್ಲೆ ಕಣವ್ವ.”

“ನಂಗೆ ಮಾತ್ರ ತಿನ್ನು ತಿನ್ನು ಅಂತೀಯ!” ಎಂದವಳೇ ಅವರ ತೊಡೆಯೇರಿ, ಅವರೇ ಕಲಿಸಿದ ವಿದ್ಯೆಯನ್ನು ಅವರ ಮೇಲೇ ಪ್ರಯೋಗಿಸಿ, ಕೆಳದುಟಿ ಎಳೆದೇಬಿಟ್ಟಳು. “ಎರಡು! ತಾತಂಗೆ ಎರಡೇ ಹಲ್ಲು!”

ನಾನೂ ಅಕ್ಕನೂ ಬಿದ್ದುಬಿದ್ದು ನಕ್ಕೆವು. ಊರಿನವರ ಬಾಯಿಯ ಲೆಕ್ಕವೆಲ್ಲ ಇಟ್ಟವರು, ತಮ್ಮದನ್ನು ಮೀಸೆಯ ಹಿಂದೆ, ಮುದ್ದೆಯ ಹಿಂದೆ ಬಚ್ಚಿಟ್ಟಿದ್ದರು! ಮಾವ ಟವೆಲಿನಿಂದ ಬಾಯಿ ಮುಚ್ಚಿಕೊಂಡರು. ತಮಾಷೆಯ ದನಿಯಲ್ಲೇ, “ಗೊತ್ತಾತಲ್ಲ? ಮರಿಯೇನೋ ಗಟ್ಟಿ ಆತು. ಇನ್ನ ಈ ಮುದಿ ಕುರಿನ ಸಂತೆಗೆ ಹೊಡೀರಿ” ಅಂದರು. ಆದರೆ ಬಾಯಿಂದ ಟವೆಲು ಇಳಿಸಲಿಲ್ಲ. ನಮ್ಮ ನಗು ನಿಂತಿತು.

ಮಗುವಿಗೆ ಸಿಟ್ಟು ಬಂತು. “ಎರಡಲ್ಲು ಅಂದ್ರೆ ಎಳೇದು ಅಂತ ನೀನೇ ಹೇಳಿದ್ದೆ! ನೀನಿನ್ನಾ ಎಳೇದು. ನಿನ್ನ ಯಾಕೆ ಸಂತೆಗೆ ಹೊಡೀತಾರೆ?” ಎಂದು ಗದರಿ, ಉಂಡೆಯನ್ನು ತನ್ನ ದವಡೆಗೆ ಕೊಟ್ಟು ಕಟಕ್ಕನೆ ಒಡೆದು, ಉದುರಿದ ಎಳ್ಳನ್ನೆಲ್ಲ ಬಳಿದು ಅವರ ಅಂಗೈಗೆ ಹಾಕಿದಳು.

ಮಾವ ಟವೆಲಿನ ಮೇಲಿಂದ ನನ್ನ ಕಡೆ ನೋಡಿದರು. “ಏನ್ ಲಾಯರಮ್ಮ, ಇದಕ್ಕೇನಂತೀಯ?”

ಬಂದ ಎರಡು ಹಲ್ಲು ಬೇರೆ, ಉಳಿದ ಎರಡು ಹಲ್ಲು ಬೇರೆ. ಒಂದೇ ಮಾತಿಗೆ ಮಗುವಿನ ವಾದ ಬೀಳುತ್ತಿತ್ತು.

“ಒಪ್ಪಿದೆ ಮಾವ,” ಎಂದೆ.

ಅವರು ಟವೆಲು ಇಳಿಸಿ, ಎಳ್ಳನ್ನು ಬಾಯಿಗೆ ಹಾಕಿಕೊಂಡರು.