ಡೋರೀನ್ ಜೋಕಿಗೆ ಕತ್ತರಿ

ಕ್ಲೈವ್ ಎಂಟ್ವಿಸಲ್ ಬೆಳಗಿನ ಟೋಸ್ಟ್ ಕಚ್ಚುತ್ತಿದ್ದಾಗ ಹೆಂಡತಿ ಬರ್ನಡೆಟ್ ಸಂತೋಷದ ಸುದ್ದಿ ಹೇಳಿದಳು.

"ರಾತ್ರಿ ನಿನ್ನ ಶೋ ನೋಡೋಕೆ ಡೋರೀನ್ ಬರ್ತಾರಂತೆ. ಸಾಸೇಜ್ ರೋಲ್ ಬೇರೆ ತರ್ತಾರಂತೆ."

ಕ್ಲೈವ್ ಕಚ್ಚಿದ ಟೋಸ್ಟನ್ನು ತಟ್ಟೆಗೆ ಇಳಿಸಿದ.

ಸ್ಟಾಕ್‌ಪೋರ್ಟಿನ ಪಬ್ಬುಗಳಲ್ಲಿ ಕುಡಿದವರ ಮುಂದೆ ವರ್ಷಗಟ್ಟಲೆ ಜೋಕು ಹೇಳಿ ಸವೆದ ಕ್ಲೈವ್‌ಗೆ ಕೊನೆಗೂ ಟೀವಿಯಲ್ಲಿ, ವಾರದ ಸುದ್ದಿಯನ್ನು ಗೇಲಿ ಮಾಡುವ ಕಾರ್ಯಕ್ರಮವೊಂದರಲ್ಲಿ, ಕುರ್ಚಿ ಸಿಕ್ಕಿತ್ತು. ನಿನ್ನೆ ಸಂಜೆ ಎರಡು ಗಂಟೆಗೂ ಮೀರಿ ಚಿತ್ರೀಕರಣ. ಇಂದು ಹಗಲೆಲ್ಲ ಅದನ್ನು ಅರ್ಧ ಗಂಟೆಗೆ ಕತ್ತರಿಸುತ್ತಾರೆ. ರಾತ್ರಿ ಒಂಬತ್ತಕ್ಕೆ ಪ್ರಸಾರ. ಉಳಿದ ಹಾಸ್ಯಗಾರರು ಬಾಯಿ ತೆರೆಯಲು ಬಿಡದಿದ್ದರೂ ಕ್ಲೈವ್‌ನ ಒಂದು ಜೋಕಿಗೆ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು.

"ಪಕ್ಕದ ಮನೆ ಡೋರೀನ್ ನಮ್ಮ ಕಸದ ಡಬ್ಬಿ ತೆರೆದು ನೋಡ್ತಾರೆ. ಹೋದ ವಾರ ಡಬ್ಬಿ ಮೇಲೆ ಚೀಟಿ ಅಂಟಿಸಿದ್ರು: 'ಈ ವಾರ ವೈನ್ ಬಾಟಲಿ ಎರಡು ಕಡಿಮೆ. ಮನೇಲಿ ಎಲ್ಲ ಆರೋಗ್ಯ ತಾನೇ?'"

ಹೆಸರು ಸಮೇತ ಹೇಳಿಬಿಟ್ಟಿದ್ದ. ಆ ಡೋರೀನೇ ಮಗು ಮಾಬೆಲ್‌ಳನ್ನು ದಿನವಿಡೀ ಕಾಸು ಕೇಳದೆ, ಪ್ರೀತಿಯಿಂದ ನೋಡಿಕೊಳ್ಳುವವರು. ಅವರು ಮುನಿಸಿಕೊಂಡರೆ ಬರ್ನಡೆಟ್ ಆಸ್ಪತ್ರೆಯ ಕೆಲಸ ಬಿಡಬೇಕು, ಇಲ್ಲವೇ ಕ್ಲೈವ್ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಜೋಕು ಹೇಳಬೇಕು.

ಹೆಂಡತಿ ಡ್ಯೂಟಿಗೆ ಹೊರಟೊಡನೆ ನಿರ್ಮಾಪಕಿ ಜೆಮೈಮಾಗೆ ಫೋನು ಮಾಡಿದ.

"ಆ ಡೋರೀನ್ ಜೋಕು ತೆಗೆದುಬಿಡಿ, ದಮ್ಮಯ್ಯ!"

"ತಲೆ ಕೆಟ್ಟಿದೆಯಾ? ಅದನ್ನ ನೋಡೇ ಮುಂದಿನ ಸರಣಿಗೆ ನಿನ್ನ ಹೆಸರು ಎತ್ತಿದೀನಿ. ಅದು ಹೋದ್ರೆ ನಿನ್ನದು ಏನುಳಿಯುತ್ತಪ್ಪಾ?"

"ಮಗು ನೋಡ್ಕೊಳ್ಳೋರು ಉಳೀತಾರೆ!"

"ನೋಡೋಣ" ಎಂದು ಫೋನಿಟ್ಟಳು. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಸಂಜೆ, ಬರ್ನಡೆಟ್ ಇನ್ನೂ ಡ್ಯೂಟಿಯಲ್ಲಿದ್ದಾಗಲೇ, ಡೋರೀನ್ ಬಂದರು. ಕೂದಲು ಹೊಸದಾಗಿ ಸೆಟ್ ಆಗಿ ಹೂಕೋಸಿನಂತೆ ಅರಳಿತ್ತು. ಮೈಮೇಲೆ ಮದುವೆಗೆ ಹಾಕುವ ನೀಲಿ ಕೋಟು. ಎದುರು ಮನೆಯ ನಿವೃತ್ತ ಬಸ್ ಚಾಲಕ ಟ್ರೆವರ್ ಹಿಂದೆಯೇ ನುಗ್ಗಿ ಸೋಫಾದ ಅರ್ಧ ಆಕ್ರಮಿಸಿದ.

ಒಂಬತ್ತು ಹತ್ತಿರವಾಯಿತು. ಕ್ಲೈವ್ ನೀರು ತರುವ ನೆಪದಲ್ಲಿ ಒಳಗೆ ಹೋಗಿ ಮೇನ್ ಸ್ವಿಚ್ ಆಫ್ ಮಾಡಿದ. ಮನೆ ಕತ್ತಲಾಯಿತು.

"ಗಾಬರಿ ಬೇಡ, ನಾನಿದೀನಿ!" ಟ್ರೆವರ್ ಮೊಬೈಲಿನ ಬೆಳಕು ಹಿಡಿದು ಬಂದು ಸ್ವಿಚ್ಚೆತ್ತಿದ. "ನಿನಗಿಷ್ಟೂ ಗೊತ್ತಾಗಲ್ವಲ್ಲಯ್ಯ!"

ಕಾರ್ಯಕ್ರಮ ಶುರುವಾಯಿತು. ಕ್ಲೈವ್ ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಕೂತವನಂತೆ ಕುರ್ಚಿಯ ಕೈಗಳನ್ನು ಬಿಗಿಹಿಡಿದು ಕೂತ. ಪರದೆಯ ಮೇಲಿನ ಕ್ಲೈವ್ ತಲೆಯಾಡಿಸಿದ. ನೀರು ಕುಡಿದ. ಯಾರದೋ ಜೋಕಿಗೆ ನಕ್ಕ. ಮತ್ತೆ ನೀರು ಕುಡಿದ. ಮುಗಿಯಿತು.

ಡೋರೀನ್ ಜೋಕು ಇರಲಿಲ್ಲ. ಕ್ಲೈವ್‌ಗೆ ಹೋದ ಜೀವ ಬಂತು.

"ನೀರು ಚೆನ್ನಾಗಿ ಕುಡಿದೆ ಕಣಯ್ಯಾ" ಎಂದ ಟ್ರೆವರ್. "ನಮ್ಮ ಬಸ್ಸಲ್ಲಿ ಟಿಕೆಟ್ ಇಲ್ಲದೆ ಕೂತವರು ಹೀಗೇ ಮುಖ ಮಾಡ್ತಿದ್ರು."

ಡೋರೀನ್ ನಗಲಿಲ್ಲ. ಕರವಸ್ತ್ರ ಹುಡುಕುತ್ತಿದ್ದರು.

"ನನ್ನದೆಲ್ಲಿ?" ಎಂದರು.

"ಏ... ಏನು ನಿಮ್ಮದು?"

"ನನ್ನ ಚೀಟಿ ಕಣೋ! ನನ್ನ ಅಕ್ಕನ ಮಗಳು ನಿನ್ನೆ ಅಲ್ಲೇ ಸಭೆಯಲ್ಲಿ ಕೂತಿದ್ಲು. ಆಗಲೇ ಫೋನ್ ಮಾಡಿ ಹೇಳಿದ್ಲು, ಆಂಟಿ, ನಿಮ್ಮ ಹೆಸರಿಗೆ ಎಂಥಾ ಚಪ್ಪಾಳೆ ಅಂತ. ಪಾದ್ರಿಗಳಿಗೆ ಹೇಳಿದೀನಿ. ಬ್ಲ್ಯಾಕ್‌ಪೂಲಿನ ಅಕ್ಕನಿಗೆ ಹೇಳಿದೀನಿ. ಈ ಕೂದಲು ಯಾತಕ್ಕೆ ಸೆಟ್ ಮಾಡಿಸಿಕೊಂಡೆ ಅನ್ಕೊಂಡೆ? ಅದನ್ನ ಕತ್ತರಿಸಿದ ಮಹಾರಾಯ ಒಂದ್ಸಲ ನನ್ನ ಕೈಗೆ ಸಿಗಲಿ!"

ಅಷ್ಟರಲ್ಲಿ ಮೇಜಿನ ಮೇಲೆ ಕ್ಲೈವ್‌ನ ಫೋನು ಬಡಿದುಕೊಂಡಿತು. ಕೈಚಾಚುವ ಮೊದಲೇ ಟ್ರೆವರ್ ಅದನ್ನು ಎತ್ತಿ ಸ್ಪೀಕರ್ ಒತ್ತಿದ. "ಅಭಿನಂದನೆ ಇರುತ್ತೆ, ಎಲ್ಲರೂ ಕೇಳೋಣ."

"ಕ್ಲೈವ್, ಜೆಮೈಮಾ ನಾನು. ನೀನು ಬೆಳಗ್ಗೆ ಅತ್ತೂ ಕರೆದೂ ಕೇಳಿದೆಯಲ್ಲ, ಡೋರೀನ್ ಜೋಕು ತೆಗೆಸಿದೆ. ಅದನ್ನ ನೋಡಿದ ಚಾನೆಲ್ಲಿನ ದೊಡ್ಡವರಿಗೆ ನೀನು ಮಾತಾಡ್ತೀಯಾ ಇಲ್ವಾ ಅನ್ನೋದೇ ಅನುಮಾನ. ಮುಂದಿನ ಸರಣಿಗೆ ಬೇರೆಯವರನ್ನ ತಗೊಂಡ್ರು. ಬೇಜಾರಾಗಬೇಡಪ್ಪ."

ಡೋರೀನ್ ಎದ್ದರು. ಉಳಿದ ಸಾಸೇಜ್ ರೋಲುಗಳನ್ನು ಒಂದೂ ಬಿಡದೆ ಡಬ್ಬಕ್ಕೆ ತುಂಬಿಕೊಂಡು ಮುಚ್ಚಳ ಒತ್ತಿ ಹೊರಟುಹೋದರು.

ಮರುದಿನ ಬೆಳಗ್ಗೆ ಕಸದ ಡಬ್ಬಿಯ ಮೇಲೆ ಚೀಟಿ ಅಂಟಿತ್ತು:

'ಈ ವಾರ ಬಾಟಲಿ ಮೂರು ಜಾಸ್ತಿ. ಕಾರಣ ಗೊತ್ತು. ಸೋಮವಾರದಿಂದ ಮಾಬೆಲ್‌ಗೆ ನೀನೇ ಜೋಕು ಹೇಳು.'